ಸರ್ಜಪ್ಪನಾಯಕರ ಕಡವೆ

ಊಟ ಮುಗಿದ ಕೂಡಲೇ, ಕೈ ತೊಳೆಯುವುದಕ್ಕೂ ಮುಂಚೆ, ಪಾಳೆಯಗಾರ ಸರ್ಜಪ್ಪನಾಯಕರು ಎಡಗೈಯಿಂದ ಸೊಂಟದ ಬೀಗದಕೈ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಉಗ್ರಾಣ ಎದ್ದು ಓಡಿಹೋಗಿದ್ದರೆ ಎಂಬ ಭಯ. ಬಡಿಸುವ ಹೊನ್ನವ್ವ ಹತ್ತು ವರ್ಷದಿಂದ ಇದನ್ನು ನೋಡುತ್ತಿದ್ದಳು.

ಹೊನ್ನವ್ವ ಕಾಡಂಚಿನ ಬೇಟೆಗಾರರ ಹಟ್ಟಿಯವಳು. ಅಲ್ಲಿ ಯಾರು ಏನು ತಂದರೂ ಎಲ್ಲ ಒಲೆಗೂ ಪಾಲು. ಇದು ಕಿವಿಗೆ ಬಿದ್ದಾಗ ನಾಯಕರು ಹೊಟ್ಟೆ ಕುಣಿಸಿಕೊಂಡು ನಕ್ಕರು. ಹೊಡೆಯುವವನೊಬ್ಬ, ತಿನ್ನುವವರು ಹತ್ತು ಜನ, ಇಂಥ ದಡ್ಡರನ್ನು ಎಲ್ಲೂ ಕಾಣೆ ಎಂದರು. ಇನ್ನು ಮೇಲೆ ಹೊಡೆದವನೇ ತಿನ್ನಬೇಕು, ಪಾಲು ಕೊಟ್ಟವನಿಗೆ ಛಡಿಯೇಟು ಎಂದು ಡಂಗುರ ಸಾರಿಸಲು ಹೊರಟರು.

ಹೊನ್ನವ್ವನ ತಮ್ಮ ಜೇನು ಕೀಳಲು ಹೋಗಿ ಕಾಲು ಮುರಿದುಕೊಂಡು ಬಿದ್ದಿದ್ದ. ಅವನ ಮನೆಯ ಒಲೆ ಉರಿಯುತ್ತಿದ್ದುದೇ ಪಾಲಿನಿಂದ.

ಮಜ್ಜಿಗೆ ಬಡಿಸುತ್ತಾ ಅವಳೆಂದಳು, “ಒಳ್ಳೇ ಕಟ್ಟಳೆ, ಬುದ್ಧಿ. ತಾವೇ ಏಳು ದಿನ ಕಾಡಲ್ಲಿದ್ದು ನಡೆಸಿ ತೋರಿಸಿದರೆ ಆ ದಡ್ಡರಿಗೂ ತಿಳಿದೀತು. ಕೋಟೆಯಿಂದ ಒಂದಗುಳೂ ಬರಬಾರದು, ಅಷ್ಟೆ.”

“ಏಳೇನು, ಹದಿನಾಲ್ಕಿರಲಿ. ಸೋತರೆ ಡಂಗುರವೇ ಇಲ್ಲ, ಹೋಗು.”

ಹಟ್ಟಿಯ ಪಕ್ಕದ ಕಾಡಿನಲ್ಲಿ ಬೀಡುಬಿಟ್ಟ ಮೊದಲ ದಿನವೇ ನಾಯಕರ ಬಾಣಕ್ಕೆ ಕಡವೆ ಬಿತ್ತು. ಹಟ್ಟಿಯವರಿಗೆ ಅಂದು ಸಿಕ್ಕಿದ್ದು ನಾಲ್ಕು ಗೆಣಸು, ಹಂಚಿಕೊಂಡು ತಿಂದರು. ನಾಯಕರು ಕಂಠಪೂರ್ತಿ ತಿಂದು, ಮಿಕ್ಕ ಮಾಂಸವನ್ನು ಮರಕ್ಕೆ ಕಟ್ಟಿಸಿ ಕತ್ತಿ ಹಿಡಿದ ಕಾವಲು ಹಾಕಿದರು. ಒಣಗಿಸೋಣವೆಂದರೆ ಜಡಿಮಳೆ. ಮೂರನೆಯ ದಿನ ನಾತ. ನಾಲ್ಕನೆಯ ದಿನ ಕಾವಲಿನವನು ಮೂಗು ಮುಚ್ಚಿಕೊಂಡು ಓಡಿಹೋದ. ಆಮೇಲೆ ನಾಯಕರ ಬಾಣಕ್ಕೆ ಒಂದು ಓತಿಕ್ಯಾತವೂ ಬೀಳಲಿಲ್ಲ.

ಹಟ್ಟಿಯಲ್ಲಿ ಮಾತ್ರ ಒಬ್ಬನಿಗಲ್ಲದಿದ್ದರೆ ಇನ್ನೊಬ್ಬನಿಗೆ ಏನಾದರೂ ಸಿಗುತ್ತಿತ್ತು. ಬರಿಗೈಲಿ ಬಂದವನೂ ಉಂಡು ಮಲಗುತ್ತಿದ್ದ.

ಆರನೆಯ ದಿನ ನಾಯಕರು ಹಟ್ಟಿಯ ಬೆಂಕಿಯ ಹತ್ತಿರ ಬಂದು ನಿಂತರು. ನಾಯಕರು ಕಾಡು ಸೇರಿದ ಮೇಲೆ ಹಟ್ಟಿಗೆ ಬಂದಿದ್ದ ಹೊನ್ನವ್ವ ಮೊಲದ ಪಾಲು ಮಾಡುತ್ತಿದ್ದಳು. ನಿಮ್ಮದು ಮಾತ್ರ ಹೇಗೆ ಕೆಡುವುದಿಲ್ಲ ಎಂದು ಕೇಳಿದರು, ಅವಳ ಮುಖ ನೋಡದೆ.

“ನಾವು ಮಿಕ್ಕಿದ್ದನ್ನು ಮರಕ್ಕೆ ಕಟ್ಟಲ್ಲ ಬುದ್ಧಿ, ಪಕ್ಕದವನ ಹೊಟ್ಟೆಯಲ್ಲಿಡ್ತೀವಿ. ಈ ಮೊಲ ಹೊಡೆದವನು ಅವತ್ತು ಬರೀ ಗೆಣಸು ತಿಂದವನು. ಕಡವೆಯ ಒಂದು ತೊಡೆ ಅವನಿಗೆ ಕೊಟ್ಟಿದ್ದರೆ ಇವತ್ತು ಮೊಲದ ತೊಡೆಯಾಗಿ ವಾಪಸು ಬರ್ತಿತ್ತು. ತಾವು ಹುಳಗಳಿಗೆ ಉಣಿಸಿದಿರಿ. ಅವುಗಳನ್ನೇ ಕೇಳಿ ನೋಡಿ.”

ಹಟ್ಟಿಯವರು ತಲೆ ತಗ್ಗಿಸಿ ನಗು ನುಂಗಿಕೊಂಡರು. ನಾಯಕರ ಎಡಗೈ ತಾನಾಗಿ ಸೊಂಟಕ್ಕೆ ಹೋಯಿತು. ಬೀಗದಕೈ ಅಲ್ಲೇ ಇತ್ತು, ಭದ್ರವಾಗಿ.

“ಡಂಗುರ ಬೇಡ ಬಿಡು,” ಎಂದರು ಕೊನೆಗೆ. “ಹೊನ್ನವ್ವ, ಒಂದು ಸಣ್ಣ ತುಂಡಾದರೂ ಕೊಡ್ತೀಯಾ?”

ಹೊನ್ನವ್ವ ತಮ್ಮನ ಪಾಲನ್ನು ಎಲೆಯಲ್ಲಿ ಕಟ್ಟಿಟ್ಟು, ಬರಿಗೈಲಿ ಬಂದ ನಾಯಕರಿಗೂ ಒಂದು ಎಲೆ ಹಾಕಿದಳು.