ಕಾಡಂಚಿನ ಬುಟ್ಟಿ

“ಗುರುಗಳೇ, ಪಾಠದ ಹೊತ್ತಿನಲ್ಲಿ ಮಠದ ಬಾಗಿಲು ಹಾಕಿಬಿಡೋಣವೇ?” ಎಂದು ಶಿಷ್ಯ ಕೇಳಿದ. ಗುರುಗಳ ನಂತರ ಅಲ್ಲಿ ಪಾಠ ಹೇಳಬೇಕಾದವನು ಅವನೇ. “ಇದ್ದಿಲು ಸುಡುವವರು, ದನ ಕಾಯುವವರು, ಎಲ್ಲಿಯವರೋ ಏನೋ, ಬಂದು ಕೂತು ತಲೆಬುಡವಿಲ್ಲದ ಪ್ರಶ್ನೆ ಕೇಳುತ್ತಾರೆ. ಇವರ ನಡುವೆ ವಿದ್ಯೆ ಕೆಡುತ್ತದೆ. ನಾವು ನಾವೇ ಇದ್ದರೆ ಸಾಲದೇ?”

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಕಾಡಿನ ಅಂಚಿನಲ್ಲಿ ಒಬ್ಬ ಹುಳು ಸಾಕುವವನಿದ್ದ. ಮನೆಯೊಳಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕುವ ಹುಳುವಲ್ಲ. ಮತ್ತಿ ಮರದ ಮೇಲೆ ಬಿಸಿಲು ಮಳೆಯಲ್ಲೇ ಬೆಳೆದು ಗೂಡು ಕಟ್ಟುವ ಕಾಡುರೇಷ್ಮೆಯ ಹುಳು. ಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಒಂದಷ್ಟನ್ನು ಬಿತ್ತನೆಗೆಂದು ಉಳಿಸುತ್ತಾರೆ. ಅವುಗಳಿಂದ ಚಿಟ್ಟೆ ಹೊರಬಂದು ಮೊಟ್ಟೆಯಿಟ್ಟರೆ ಮುಂದಿನ ಬೆಳೆ.

ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣು ಚಿಟ್ಟೆಗಳು ಹೊರಬಂದ ಸಂಜೆ ಅವನ್ನು ಬುಟ್ಟಿಯ ಮೇಲೆ ಕೂರಿಸಿ ಕಾಡಂಚಿನ ಕೊಂಬೆಗೆ ಕಟ್ಟುತ್ತಿದ್ದರು. ಹೆಣ್ಣು ಕೂತಲ್ಲಿಂದ ಕದಲುವುದಿಲ್ಲ. ಅದರ ವಾಸನೆ ಹಿಡಿದು ಕಾಡಿನ ಗಂಡುಗಳು ದೂರದಿಂದ ಹಾರಿಬರುತ್ತವೆ. ಹೆಣ್ಣು ತೋರಿಸುವ ಶಾಸ್ತ್ರವೆಂದು ಹೆಂಗಸರು ನಗುತ್ತಾ ಅದಕ್ಕೆ ಹೆಸರಿಟ್ಟಿದ್ದರು.

ಇವನಿಗೆ ಅದು ಸರಿಬೀಳಲಿಲ್ಲ. ಇವನ ಗೂಡುಗಳಿಂದ ನೂಲು ಸಲೀಸಾಗಿ ಬಿಚ್ಚಿಕೊಳ್ಳುತ್ತಿತ್ತು. ಕಾಡಿನ ಗೂಡುಗಳು ಬಲು ಗಡುಸು, ಎಷ್ಟು ಬೇಯಿಸಿದರೂ ಎಳೆ ಬಿಡವು. ಕಂಡಕಂಡ ಗಂಡುಗಳು ಬಂದು ತನ್ನ ತಳಿ ಕೆಡಿಸುತ್ತವೆ ಎಂಬುದು ಅವನ ತಲೆ ಹೊಕ್ಕಿತು. ತನ್ನದರ ಮೇಲೆ ಅಷ್ಟು ಹೆಮ್ಮೆ ಇರುವವನಿಗೆ ಯಾರು ಬುದ್ಧಿ ಹೇಳುತ್ತಾರೆ? ಹೆಂಡತಿ ಹೇಳಿದಳು, ಕಿವಿಗೆ ಹಾಕಿಕೊಳ್ಳಲಿಲ್ಲ. ತನ್ನ ತೋಪನ್ನಷ್ಟೇ ಉಳಿಸಿ ಸುತ್ತಲಿನ ಕಾಡುಮತ್ತಿಗಳನ್ನೆಲ್ಲ ಕಡಿಸಿದ. ಅವುಗಳ ಮೇಲಿದ್ದ ಗೂಡುಗಳನ್ನು ಸುಟ್ಟ. ತನ್ನ ಹೆಣ್ಣಿಗೆ ತನ್ನದೇ ಗಂಡು, ಅದೂ ಮನೆಯೊಳಗೆ. ಮೊದಲ ಬೆಳೆ ಚೆನ್ನಾಗಿಯೇ ಬಂತು. ಅವನು ಮೀಸೆ ತಿರುವಿದ.

ಮರುವರ್ಷ ಅಕಾಲದಲ್ಲಿ ಮಳೆ ಹಿಡಿಯಿತು. ಗಂಡುಗಳೆಲ್ಲ ಬೇಗನೆ ಗೂಡು ಬಿಟ್ಟವು. ಈ ಚಿಟ್ಟೆಗೆ ಉಣ್ಣುವ ಬಾಯಿಯಿಲ್ಲ. ಹುಳುವಾಗಿದ್ದಾಗ ತಿಂದದ್ದೇ ಅದರ ಬುತ್ತಿ. ಬುತ್ತಿ ತೀರಿ ಗಂಡುಗಳು ಸತ್ತುಬಿದ್ದ ಮೇಲೆ ಹೆಣ್ಣುಗಳು ಹೊರಬಂದವು.

ಹೆಣ್ಣಿಗೆ ಗಂಡು ಕೂಡದಿದ್ದರೆ ಹುಳುವಿಲ್ಲ, ಅಜ್ಜನ ಕಾಲದಿಂದ ಬಂದ ತಳಿ ಅಲ್ಲಿಗೆ ಮುಗಿಯಿತು. ಸಂಜೆಯಾಗುತ್ತಲೇ ಅವನು ಬುಟ್ಟಿಗಳನ್ನು ಹೊತ್ತು ಕಾಡಂಚಿಗೆ ಓಡಿದ. ಕಟ್ಟಲು ಕೊಂಬೆಯೇ ಇರಲಿಲ್ಲ. ಕಡಿದ ಮರಗಳ ಮೋಟಿನ ಮೇಲೆ ಬುಟ್ಟಿಯಿಟ್ಟು ಕಾದ. ಬಾವಲಿ ಹಾರಿದರೂ ಗಂಡು ಬಂತೆಂದು ತಲೆಯೆತ್ತಿದ. ಒಂದೂ ಬರಲಿಲ್ಲ.

ಬೆಳಗ್ಗೆ ನೋಡಿದರೆ ಬುಟ್ಟಿಗಳ ತುಂಬ ಮೊಟ್ಟೆ. ಕತ್ತಲಲ್ಲಿ ತನಗೆ ಕಾಣದೆ ಗಂಡು ಬಂದುಹೋಗಿರಬೇಕೆಂದು ಅವನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಮಾತ್ರ ನಗಲಿಲ್ಲ. “ಗಂಡಿಲ್ದ ಇಟ್ಟ ಮೊಟ್ಟಿ. ಮರಿ ಆಗಂಗಿಲ್ಲ” ಎಂದಳು. ಅವನು ನಂಬದೆ ದಿನವೂ ಬಗ್ಗಿ ಬಗ್ಗಿ ನೋಡಿದ. ಮೊಟ್ಟೆಗಳು ಒಂದೊಂದಾಗಿ ಗುಳಿಬಿದ್ದು ಒಣಗಿದವು.

ಕೊನೆಗೆ ಉಳಿದದ್ದು ತಡವಾಗಿ ಗೂಡು ಬಿಟ್ಟ ಒಂದೇ ಹೆಣ್ಣು.

“ಗುಡ್ಡದಾಚೆ ಇನ್ನೂ ಕಾಡು ಐತಿ. ಹೊತ್ಕೊಂಡು ಹೋಗ್ರಿ” ಎಂದಳು ಹೆಂಡತಿ.

“ಅಲ್ಲಿ ಕಾಡುಜಾತಿದು ಬಂದ್ರ?” ಅಷ್ಟಾದರೂ ಅವನ ಬಾಯಿಗೆ ಅದೇ ಮಾತು ಬಂತು.

“ಬರಲಿ ಅಂತ ಕೈ ಮುಗೀರಿ.”

ಅವನು ಗುಡ್ಡ ಹತ್ತಿ ಇಳಿದ. ಕತ್ತಲಾಗುವ ಮುನ್ನ ಒಂದು ಮುದಿ ಮತ್ತಿಯ ಕೊಂಬೆಗೆ ಬುಟ್ಟಿ ಕಟ್ಟಿದ. ಹೆಣ್ಣು ರೆಕ್ಕೆ ಅಗಲಿಸಿ ಅಲುಗದೆ ಕೂತಿತು. ಅವನೂ ಅಲುಗದೆ ಕೂತ. ರಾತ್ರಿ ಕಳೆಯುತ್ತಾ ಬಂತು. ಹೆಣ್ಣಿನ ಒಂದು ಕಾಲು ಬುಟ್ಟಿಯಿಂದ ಜಾರಿತು. ಅದರ ಬುತ್ತಿಯೂ ತೀರುತ್ತಿತ್ತು. ತಾನು ಸುಟ್ಟ ಗೂಡುಗಳೆಲ್ಲ ಕಣ್ಣಮುಂದೆ ಬಂದು ಅವನಿಗೆ ಅಳು ಬಂತು.

ನಸುಕು ಹರಿಯುವ ಹೊತ್ತಿಗೆ ಗಾಳಿಗೆದುರಾಗಿ ಒಂದು ಗಂಡು ಬಂತು. ಸಣ್ಣದು, ರೆಕ್ಕೆ ಹರಿದಿತ್ತು. ಬುಟ್ಟಿಯನ್ನು ಸುತ್ತಿತು, ದೂರ ಸರಿಯಿತು, ಮತ್ತೆ ಸುತ್ತಿತು. ಎಲ್ಲಿ ಬೆದರಿ ಹೋಗುತ್ತದೋ ಎಂದು ಅವನು ಉಸಿರು ಬಿಗಿಹಿಡಿದ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಆಮೇಲೆ? ಇಳಿಯಿತೇ ಅದು?”

“ಇಳಿಯಿತು” ಎಂದರು ಗುರುಗಳು. ಶಿಷ್ಯ ನಿಟ್ಟುಸಿರುಬಿಟ್ಟ. ಅವನ ಮುಖವನ್ನೇ ನೋಡುತ್ತಾ ಅವರೆಂದರು:

“ನೀನು ಮೊದಲ ಸಲ ಈ ಬಾಗಿಲಿಗೆ ಬಂದು ನಿಂತ ದಿನವೂ, ಇವನನ್ನು ಒಳಗೆ ಬಿಡಬೇಡಿ ಎಂದು ನನಗೆ ಹೇಳಿದವರಿದ್ದರು.”