ಕೆಂಚನ ಬೆನ್ನಿಂದ ಇಳಿಯದ ಉಣುಗು

ಲೋಕ ಹುಟ್ಟಿದ ಮೊದಲ ದಿನ ಕಡ್ಡಿ ಗೀರಿ ಸೂರ್ಯನನ್ನು ಹೊತ್ತಿಸಿದವನು ನಾನೇ. ಬೆರಳು ಸುಟ್ಟ ಗುರುತು ಇನ್ನೂ ಇದೆ, ನೋಡು ಪುಟ್ಟಿ.

ಸುಳ್ಳು. ಇದು ನಿನ್ನೆ ಬಜ್ಜಿ ಬಾಣಲೆ ಮುಟ್ಟಿದ ಗುರುತು. ಆದರೆ ಈ ಬೆಂಚಿನ ಕೆಳಗೆ ಕೂತು ಕರಕರ ಕೆರೆದುಕೊಳ್ಳುತ್ತಿದೆಯಲ್ಲ ನಿನ್ನ ನಾಯಿಮರಿ, ಅದರ ಮುತ್ತಜ್ಜನ ಮುತ್ತಜ್ಜನ ಕತೆ ಮಾತ್ರ ನಿಜ. ಸುಳ್ಳು ಇದ್ದರೂ ನಿಮ್ಮಪ್ಪನ ಟೀಗೆ ನಾನು ಸಕ್ಕರೆ ಹಾಕಿದಷ್ಟು.

ಲೋಕ ಆಗ ಇನ್ನೂ ಹಸಿಹಸಿ. ಬೆಟ್ಟ ಮುಟ್ಟಿದರೆ ಬೆರಳಚ್ಚು ಮೂಡುತ್ತಿತ್ತು. ಯಾವ ಕಡೆ ಹರಿಯಬೇಕೆಂದು ತಿಳಿಯದೆ ಹೊಳೆ ಬೆಳಗ್ಗೆ ಅತ್ತ ಹರಿಯುತ್ತಿತ್ತು, ಸಂಜೆ ಇತ್ತ ಹರಿಯುತ್ತಿತ್ತು. ಬಸ್ಸಿರಲಿಲ್ಲ, ಎತ್ತಿನ ಗಾಡಿಯೂ ಇರಲಿಲ್ಲ. ಕೆಂಚ ಅನ್ನುವ ನಾಯಿ ಇದ್ದ.

ಸಣ್ಣಪುಟ್ಟ ಜೀವಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಅವರವರ ಜಾಗಕ್ಕೆ ಮುಟ್ಟಿಸುವುದು ಕೆಂಚನ ಕೆಲಸ. ಇರುವೆ ಹುಣಸೆಮರದ ಹತ್ತಿರ ಇಳಿಯುತ್ತಿತ್ತು. ಸಗಣಿಹುಳು ತನ್ನ ಉಂಡೆಯ ಸಮೇತ ಕೊಟ್ಟಿಗೆಯ ಹತ್ತಿರ ಇಳಿಯುತ್ತಿತ್ತು. ಬಸವನಹುಳುವಿಗೆ ಹತ್ತುವುದಕ್ಕೇ ಅರ್ಧ ದಿನ ಬೇಕು. ಪಾಪ, ಕೆಂಚ ಕಾಯುತ್ತಿದ್ದ.

ಅವನದು ಒಂದೇ ನೇಮ. ಬೆನ್ನ ಮೇಲೆ ಒಬ್ಬರೇ ಒಬ್ಬರು ಕೂತಿದ್ದರೂ ಅವನು ಮಲಗುವವನಲ್ಲ. ಎಲ್ಲರೂ ಇಳಿದ ಮೇಲೆ ನಿಂತಲ್ಲೇ ಧೊಪ್ಪೆಂದು ಬಿದ್ದುಕೊಳ್ಳುತ್ತಿದ್ದ. ಅದೆಂಥ ನಿದ್ದೆ ಅಂತೀಯಾ! ಮೂಗಿನ ಮೇಲೆ ಕಪ್ಪೆ ಕುಣಿದರೂ ಕಣ್ಣು ತೆರೆಯುತ್ತಿರಲಿಲ್ಲ.

ಒಂದು ದಿನ ಹುಲ್ಲಿನ ಗರಿಯ ತುತ್ತತುದಿಯಲ್ಲಿ, ಎಳ್ಳಿನಷ್ಟು ದಪ್ಪದ ಒಂದು ಉಣುಗು ಮುಂದಿನ ಎರಡೂ ಕಾಲು ಮೇಲೆತ್ತಿ ನಿಂತಿತ್ತು.

“ಹೋಯ್ ಕೆಂಚಣ್ಣ! ನಿಲ್ಸು, ನಿಲ್ಸು!”

“ಎಲ್ಲಿಗಕ್ಕ?”

“ಕೊನೇ ಸ್ಟಾಪಿಗೆ.”

ಅದು ಎಲ್ಲಿದೆ ಎಂದು ಕೆಂಚ ಕೇಳಬೇಕಿತ್ತು. ಕೇಳಲಿಲ್ಲ. ಮೈ ಬಗ್ಗಿಸಿ ಹತ್ತಿಸಿಕೊಂಡ.

“ಬೆನ್ನ ಮೇಲೆ ಗಾಳಿ ಜಾಸ್ತಿ. ಕಿವಿ ಮಡಿಕೆಯಲ್ಲಿ ಕೂರ್ತೀನಿ,” ಅಂದಿತು ಉಣುಗು.

ಸಂಜೆಯ ಹೊತ್ತಿಗೆ ಇರುವೆ ಇಳಿಯಿತು. ಸಗಣಿಹುಳು ಇಳಿಯಿತು. ಕೆಂಚ ಆಕಳಿಸಿದ.

“ಅಕ್ಕ, ಎಲ್ರೂ ಇಳಿದ್ರು. ನೀನೂ ಇಳಿ.”

“ಇದು ಕೊನೇ ಸ್ಟಾಪಾ?”

“ಇದು ಕೊಟ್ಟಿಗೆ.”

“ನಾನು ಕೊಟ್ಟಿಗೆ ಅಂದಿದ್ನಾ? ಮುಂದಕ್ಕೆ ನಡಿ.”

ನಡೆದ. ಕೆರೆ ಬಂತು. “ಇದಲ್ಲ.” ಬೇಲಿ ಬಂತು. “ಇದಲ್ಲ.” ಬೇಲಿ ದಾಟುವಾಗ ಕಿವಿಯಲ್ಲಿ ಚುರ್ ಅಂದಿತು.

“ಅಕ್ಕ, ಕಚ್ಚಿದ್ಯಾ?”

“ಬುತ್ತಿ ತಂದಿಲ್ಲ ಕಣಪ್ಪ. ಇಷ್ಟು ದೂರ ಉಪವಾಸ ಬರ್ಲಾ? ನೀನೇನು ಹೋಟ್ಲು ನೋಡಿ ನಿಲ್ಲಿಸ್ತೀಯಾ?”

ಕೆಂಚ ಮರ್ಯಾದಸ್ಥ. ಮುಂದೆ ನಡೆದ. ಉಣುಗು ಅವನ ರಕ್ತ ಹೀರುತ್ತಾ ಹೀರುತ್ತಾ ಎಳ್ಳಿನಷ್ಟಿದ್ದದ್ದು ಅವರೆಕಾಳಿನಷ್ಟಾಯಿತು, ಅವರೆಕಾಳಿನಷ್ಟಿದ್ದದ್ದು ಹರಳುಬೀಜದಷ್ಟಾಯಿತು. ಸಾಲದ್ದಕ್ಕೆ ದಾರಿಯ ಹುಲ್ಲಲ್ಲಿ ಕಂಡ ನೆಂಟರನ್ನೆಲ್ಲ ಕೂಗಿ ಕರೆಯಿತು. “ಬರ್ರೇ, ಬರ್ರೇ! ಬೆರಳ ಸಂದೀಲಿ ಕಿಟಕಿ ಪಕ್ಕದ ಸೀಟು ಖಾಲಿ ಇದೆ!”

ಈಗ ಕೆಂಚನಿಗೆ ಕೂತರೂ ತುರಿಕೆ, ನಿಂತರೂ ತುರಿಕೆ. ಮಲಗೋಣವೆಂದರೆ ನೇಮ. ನಡೆದ, ಕೆರೆದುಕೊಂಡ, ಮತ್ತೆ ನಡೆದ. ಏಳು ಹಗಲು, ಏಳು ಇರುಳು ಕಣ್ಣು ಮುಚ್ಚಲಿಲ್ಲ. ಪಕ್ಕೆಲುಬು ಎಣಿಸುವ ಹಾಗಾಯಿತು. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ನಿದ್ದೆ.

“ಹೊಳೆಯಮ್ಮ, ಇವರನ್ನ ಇಳಿಸು,” ಎಂದು ಹೊಳೆಗೆ ಧುಮುಕಿದ. ಉಣುಗುಗಳು ಉಸಿರು ಬಿಗಿಹಿಡಿದು ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡವು.

“ನನ್ನ ಕೈಲಾಗಲ್ಲ ಮಗ. ಎತ್ತ ಹರೀಬೇಕು ಅಂತ ನನಗೇ ಇನ್ನೂ ಗೊತ್ತಾಗಿಲ್ಲ,” ಅಂದಿತು ಹೊಳೆ.

“ಗಾಳಿರಾಯ, ಊದು!” ಗಾಳಿ ಕೆನ್ನೆ ಉಬ್ಬಿಸಿ ಊದಿತು. ಕೆಂಚನ ಕಿವಿ ಮಗುಚಿತು, ಬಾಲ ತಿರುಚಿತು. ಉಣುಗು ಅಲ್ಲಾಡಲಿಲ್ಲ.

ಬೆಳ್ಳಕ್ಕಿ ತಾನಾಗಿಯೇ ಬಂತು. “ಒಂದು ಗಳಿಗೆ ಅಲ್ಲಾಡದೆ ನಿಲ್ಲು, ಹೆಕ್ಕಿಬಿಡ್ತೀನಿ.” ಮೊದಲ ಕುಕ್ಕಿಗೇ ಕೆಂಚನಿಗೆ ಕಚಗುಳಿಯಾಯಿತು. ಗಬಕ್ಕನೆ ಬಾಯಿ ಹಾಕಿದ. ಬೆಳ್ಳಕ್ಕಿಯ ಒಂದು ಪುಕ್ಕ ಅವನ ಹಲ್ಲಲ್ಲೇ ಉಳಿಯಿತು.

“ನಿನ್ನ ಸಹವಾಸ ಸಾಕಪ್ಪ! ಎಮ್ಮೆಗಾದ್ರೂ ತಾಳ್ಮೆ ಇದೆ!” ಎಂದು ಹಾರಿಹೋದ ಬೆಳ್ಳಕ್ಕಿ ಇವತ್ತಿಗೂ ಎಮ್ಮೆಯ ಬೆನ್ನು ಬಿಟ್ಟಿಲ್ಲ.

ಕೊನೆಗೆ ಕೆಂಚ ತನ್ನ ಹಲ್ಲಿನಿಂದಲೇ ಒಂದನ್ನು ಕಿತ್ತ. ಹೊಟ್ಟೆ ಬಂತು, ಬಾಯಿ ಚರ್ಮದಲ್ಲೇ ಉಳಿಯಿತು. ಗಾಯ ಬಾತುಕೊಂಡು ಮೊದಲಿಗಿಂತ ಹೆಚ್ಚು ಉರಿಯಿತು.

ಹಾಗೆ ಕುಂಟುತ್ತಾ, ಕೆರೆಯುತ್ತಾ ಒಂದು ಗುಡಿಸಲ ಮುಂದೆ ಬಂದ. ಗಿಡ್ಡವ್ವ ಅನ್ನುವ ಹೆಂಗಸು ಮೊರದಲ್ಲಿ ರಾಗಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ರಾಗಿಯೊಳಗಿನ ರಾಗಿಯಂಥದೇ ಕಲ್ಲನ್ನು ಅವಳ ಬೆರಳು ಕಣ್ಣಿಗಿಂತ ಮೊದಲೇ ಹಿಡಿಯುತ್ತಿತ್ತು.

“ಯಾಕೋ ಹಿಂಗೆ ಕುಣೀತಾ ಇದ್ದೀಯ? ಕೂತ್ಕೊ.”

“ಕೂರೋಕಾಗಲ್ಲವ್ವ. ಮೇಲೆ ಜನ ಇದ್ದಾರೆ. ಕೊನೇ ಸ್ಟಾಪು ಬರೋವರೆಗೂ ಇಳಿಯಲ್ವಂತೆ.”

“ಎಲ್ಲೈತೆ ಅದು?”

“ಗೊತ್ತಿಲ್ಲ.”

ಗಿಡ್ಡವ್ವ ಮೊರ ಕೆಳಗಿಟ್ಟಳು. “ಅಲ್ಲ ಕಣೋ ಪೆದ್ದ, ನಡೆಯೋ ಕಾಲು ಯಾರ್ದು?”

“ನಂದು.”

“ಮತ್ತೆ ಕೊನೇ ಸ್ಟಾಪು ಯಾವ್ದು ಅಂತ ಹೇಳೋನು ನೀನೋ, ಕೂತಿರೋಳೋ?”

ಇದು ಕೆಂಚನಿಗೆ ಹೊಳೆದೇ ಇರಲಿಲ್ಲ.

“ಎಲ್ಲಿ ಅಂತ ಹೇಳ್ಲವ್ವ?”

“ನಿದ್ದೆ ಎಲ್ಲಿ ಬರುತ್ತೋ ಅಲ್ಲಿ.”

ಕೆಂಚ ಜಾಗ ಹುಡುಕುತ್ತಾ ಒಂದು ಸುತ್ತು ಸುತ್ತಿದ. ಬಿಸಿಲು. ಎರಡನೇ ಸುತ್ತು ಸುತ್ತಿದ. ಮುಳ್ಳು. ಮೂರನೇ ಸುತ್ತಿಗೆ ಗಿಡ್ಡವ್ವನ ಮಡಿಲಿನಿಂದ ರಾಗಿಹಿಟ್ಟಿನ ವಾಸನೆ ಬಂತು. ಅಲ್ಲಿ ಗದ್ದ ಊರಿ ಕೂಗಿದ.

“ಕೊನೇ ಸ್ಟಾಪು! ಎಲ್ರೂ ಇಳೀರಿ!”

“ಇದಲ್ಲ, ಇದಲ್ಲ!” ಎಂದು ಉಣುಗು ಕಿರುಚಿತು.

“ಇದೇ ಕಣಮ್ಮ,” ಅಂದಳು ಗಿಡ್ಡವ್ವ. ಉಣುಗಿನ ಹೊಟ್ಟೆ ಹಿಡಿಯಲಿಲ್ಲ, ತಿರುಚಲಿಲ್ಲ, ಉಗುರಲ್ಲಿ ಚಚ್ಚಲಿಲ್ಲ. ಚರ್ಮಕ್ಕೆ ಬೆರಳು ಒತ್ತಿ ಅದರ ಬಾಯಿಯ ಹತ್ತಿರ ಹಿಡಿದು, ಕಲ್ಲು ಆರಿಸಿದಷ್ಟೇ ನಿಧಾನವಾಗಿ ನೆಟ್ಟಗೆ ಎಳೆದಳು. ಪಕ್ಕದ ತೆಂಗಿನ ಚಿಪ್ಪಿನಲ್ಲಿದ್ದ ಅಂಟುವಾಳದ ನೊರೆನೀರಿಗೆ ಹಾಕಿದಳು. ಕಿವಿಯಲ್ಲಿ ಒಂದು, ಕುತ್ತಿಗೆಯಲ್ಲಿ ಮೂರು, ಬೆರಳ ಸಂದಿಯಲ್ಲಿ ಆರು. ನೋವಾದರೂ ಕೆಂಚ ಅಲ್ಲಾಡಲಿಲ್ಲ. ಕೊನೆಯದು ಬರುವ ಮೊದಲೇ ಗೊರಕೆ ಶುರುವಾಗಿತ್ತು.

ಆದರೆ ಹೊಟ್ಟೆ ತುಂಬಿದ್ದ ಒಂದು ಉಣುಗು ಅಷ್ಟರಲ್ಲಿ ತಾನೇ ಮೆಲ್ಲಗೆ ಉದುರಿ, ಗೋಡೆಯ ಬಿರುಕಿಗೆ ನುಸುಳಿ, ಸಾವಿರ ಮೊಟ್ಟೆ ಇಟ್ಟಿತು. ಮರಿಗಳಿಗೆ ಹೇಳಿದ್ದು ಒಂದೇ ಮಾತು: “ಹುಲ್ಲಿನ ತುದಿ ಹತ್ತಿ, ಕೈ ಎತ್ತಿ. ನಿಲ್ಲಿಸದಿದ್ರೂ ಹತ್ಕೊಳ್ಳಿ.”

ಅದಕ್ಕೇ ಪುಟ್ಟಿ, ಇವತ್ತಿಗೂ ಉಣುಗು ಹುಲ್ಲಿನ ತುದಿಯಲ್ಲಿ ಕಾಲು ಮೇಲೆತ್ತಿ ಕಾಯುತ್ತದೆ. ನಾಯಿ ಮಲಗುವ ಮುಂಚೆ ಮೂರು ಸುತ್ತು ಸುತ್ತಿ, ಎಲ್ಲರೂ ಇಳಿದರೋ ಇಲ್ಲವೋ ನೋಡುತ್ತದೆ. ಅನುಮಾನ ತೀರದೆ ನಿದ್ದೆಯಲ್ಲೂ ಅದರ ಕಾಲು ಓಡುತ್ತಿರುತ್ತದೆ.

ಅಗೋ, ನಿನ್ನ ಮರಿ ನಿನ್ನ ಮಂಡಿಯ ಮೇಲೆ ಗದ್ದ ಇಟ್ಟಿತು. ಕೊನೇ ಸ್ಟಾಪು ಅಂತಿದೆ. ಕಿವಿ ಮಗುಚಿ ನೋಡು, ಬೆರಳ ಸಂದಿ ಬಿಡಿಸಿ ನೋಡು, ಅವಸರ ಬೇಡ. ನೀನು ನೋಡಿ ಮುಗಿಸುವಷ್ಟರಲ್ಲಿ, ನಿಮ್ಮಪ್ಪ ಈ ಟೀ ದುಡ್ಡು ಕೊಟ್ಟುಬಿಡಲಿ.