ಹನ್ನೊಂದು ಯುದ್ಧದ ಹಾಜರಿ

ಅಮೆರಿಕ ಆಗಷ್ಟೇ ಸ್ವತಂತ್ರ ಆಗಿತ್ತು. ಯುದ್ಧ ಮುಗಿಸಿ ಶಾಸಕನಾದ ಕರ್ನಲ್ ಥ್ಯಾಕ್‌ಸ್ಟನ್, ಶಾಸನಸಭೆಗೂ ಸೈನ್ಯದ ಶಿಸ್ತು ತಂದ. ಕೂಗಿದ ಪ್ರತಿ ಹೆಸರಿಗೂ ಎದ್ದು ನಿಂತು ‘ಹಾಜರ್’ ಅನ್ನಬೇಕು.

ಒಂದಿನ ಹಾಜರಿ ಕೂಗುವ ಗುಮಾಸ್ತನ ಮೇಲೆ ಎಗರಾಡಿದ. “ನನ್ನ ಹೆಸರಿನ ಜೊತೆ ನಾನು ಗೆದ್ದ ಹನ್ನೊಂದು ಯುದ್ಧದ ಹೆಸರೂ ಕೂಗು. ಒಂದು ಬಿಟ್ರೂ ನಿನ್ನ ಕೆಲಸ ಹೋಯ್ತು!”

“ಆಗ್ಲಿ ಸ್ವಾಮಿ.”

ಮಾರನೇ ದಿನ ಗುಮಾಸ್ತ ಮೊದಲನೇ ಯುದ್ಧದ ಹೆಸರು ಕೂಗಿ, ಸುಮ್ಮನೆ ನಿಂತ.

“ಮುಂದೆ ಓದಯ್ಯಾ!”

“ತಾವು ಎದ್ದು ಹಾಜರ್ ಅನ್ನಬೇಕಲ್ಲ ಸ್ವಾಮಿ. ತಮ್ಮದೇ ನಿಯಮ.”

ಡೊಳ್ಳು ಹೊಟ್ಟೆ ಹೊತ್ತ ಕರ್ನಲ್ ಎದ್ದ, ಕೂತ, ಎದ್ದ, ಕೂತ. ಏಳನೇ ಯುದ್ಧಕ್ಕೆ ಷರಾಯಿ ಗುಂಡಿ ಹಾರಿ ಸಭಾಧ್ಯಕ್ಷರ ಮೇಜಿಗೆ ಬಿತ್ತು. ಎಂಟಕ್ಕೆ ಏಳಲಿಲ್ಲ.

“ಎಂಟನೇ ಯುದ್ಧಕ್ಕೆ ಕರ್ನಲ್ ಬಂದಿರಲಿಲ್ಲ ಅಂತ ಬರ್ಕೊಳ್ಲಾ ಸ್ವಾಮಿ?”

ಕರ್ನಲ್ ಷರಾಯಿ ಹಿಡ್ಕೊಂಡು ಎದ್ದ. “ಹಾಜರ್! ನಾಳೆಯಿಂದ ಬರೀ ಹೆಸರು ಕೂಗು ಮಾರಾಯ.”